ಸಿದ್ಧ ಪೊಲೆಂಟಾ ಹಂಚಿಗೆ ಅಂಟುತ್ತದೆ, ಎಣ್ಣೆಯಲ್ಲಿ ಸಿಡಿಯುತ್ತದೆ: ಪರಿಹಾರ ತಿಳಿಸಿ

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿರುವ ನನ್ನ ತಂಗಿ ಊರಿಗೆ ಬರುವಾಗ ಸಿದ್ಧ ಪೊಲೆಂಟಾದ (ಮೆಕ್ಕೆಜೋಳದ ರವೆಯಿಂದ ಮಾಡುವ ಇಟಲಿಯ ಅಂಬಲಿಯಂಥ ತಿನಿಸು) ಪೊಟ್ಟಣಗಳನ್ನು ತಂದುಕೊಟ್ಟಿದ್ದಾಳೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ತೋಳಿನ ಗಾತ್ರದ, ಹಳದಿ ಬಣ್ಣದ ಗಟ್ಟಿ ಉರುಳೆಯೊಂದಿದೆ. ನೀರು, ಮೆಕ್ಕೆಜೋಳದ ರವೆ ಮತ್ತು ಉಪ್ಪು ಇಷ್ಟೇ ಅದರಲ್ಲಿವೆ ಎಂದು ಮೇಲೆ ಬರೆದಿದೆ. ಬಿಲ್ಲೆಗಳಾಗಿ ಕೊಯ್ದು, ರೊಟ್ಟಿ ಬೇಯಿಸುವ ಕಬ್ಬಿಣದ ಹಂಚಿನ ಮೇಲೆ ಎಣ್ಣೆ ಹಾಕಿ ಹುರಿಯಲು ಹೋದರೆ ಬಿಲ್ಲೆಯ ಅಡಿಭಾಗವೆಲ್ಲ ಹಂಚಿಗೇ ಕಚ್ಚಿಕೊಂಡು, ಮೇಲಿನ ಅರ್ಧ ಮಾತ್ರ ಸೌಟಿಗೆ ಬರುತ್ತದೆ. ಬಾಣಲೆಯಲ್ಲಿ ಭಜಿಯಂತೆ ಕರಿಯಲು ಹೋದಾಗ ತುಂಡುಗಳು ಪಟಪಟನೆ ಸಿಡಿದು ಎಣ್ಣೆ ಒಲೆಯ ಸುತ್ತಲೂ ಚೆಲ್ಲಿತು. ಇದನ್ನು ಸರಿಯಾಗಿ ಮಾಡುವ ಬಗೆ ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೀದರ)

ಅಕ್ಕಾ, ನಿಮ್ಮ ಎರಡೂ ತೊಂದರೆಗಳಿಗೆ ಮೂಲ ನೀರು. ಪೊಟ್ಟಣದಲ್ಲಿ ಬರುವ ಪೊಲೆಂಟಾ ಪೂರ್ತಿ ಬೆಂದದ್ದೇ ಆಗಿರುತ್ತದೆ. ಅದರ ತೂಕದ ಬಹುಪಾಲು ನೀರೇ. ಆದ್ದರಿಂದ ನೀವು ಅದನ್ನು ಬೇಯಿಸಬೇಕಾಗಿಲ್ಲ, ಮೇಲ್ಮೈಯನ್ನು ಒಣಗಿಸಿ ಗರಿಗರಿ ಮಾಡಿದರೆ ಸಾಕು. ಹೊದಿಕೆ ಬಿಚ್ಚಿದೊಡನೆ ಉರುಳೆಯ ಮೈಮೇಲೆ ತೆಳ್ಳಗಿನ ಪಸೆ ಕಾಣಿಸುತ್ತದೆಯಲ್ಲವೇ, ಆ ಪಸೆಯೇ ಬಿಸಿ ಕಬ್ಬಿಣದ ಮೇಲೆ ಗಂಜಿಯಂತೆ ಹಿಡಿದುಕೊಳ್ಳುತ್ತದೆ. ಬಿಲ್ಲೆಗಳನ್ನು ಒಂದು ಸೆಂಟಿಮೀಟರಿಗಿಂತ ತೆಳ್ಳಗೆ ಕೊಯ್ಯಬೇಡಿ. ಕೊಯ್ದ ಮೇಲೆ ಒಣ ಹತ್ತಿ ಬಟ್ಟೆಯ ಮೇಲೆ ಹರಡಿ, ಮೇಲಿನಿಂದ ಇನ್ನೊಂದು ಬಟ್ಟೆ ಒತ್ತಿ, ಸುಮಾರು ಅರ್ಧ ಗಂಟೆ ಫ್ಯಾನಿನ ಕೆಳಗೆ ಬಿಡಿ. ಬೆರಳಿಟ್ಟರೆ ಅಂಟದೆ, ಮೈ ಸ್ವಲ್ಪ ಬಿರುಸಾಗಿ ತೋರಬೇಕು.

ಚಾಕುವಿಗೆ ಕಚ್ಚಿಕೊಂಡು ಅಂಚು ಹರಿಯುತ್ತಿದ್ದರೆ ಗಟ್ಟಿ ದಾರವನ್ನು ಉರುಳೆಯ ಸುತ್ತ ಹಾಕಿ ಎರಡು ತುದಿಗಳನ್ನು ಎಳೆಯಿರಿ, ನುಣುಪಾಗಿ ತುಂಡಾಗುತ್ತದೆ. ಉತ್ತರ ಇಟಲಿಯ ಮನೆಗಳಲ್ಲೂ ಬೇಯಿಸಿದ ಪೊಲೆಂಟಾವನ್ನು ಮರದ ಹಲಗೆಯ ಮೇಲೆ ಸುರಿದು, ಗಟ್ಟಿಯಾದ ಮೇಲೆ ದಾರದಿಂದಲೇ ಕೊಯ್ಯುವ ರೂಢಿಯಿದೆ.

ಇನ್ನು ಹಂಚಿನ ಮಾತು. ರೊಟ್ಟಿಯ ಹಂಚು ಒಣಗಿಯೇ ಕಾಯುವಂಥದ್ದು, ಅದಕ್ಕೆ ಎಣ್ಣೆಯ ಪದರ ಕೂತಿರುವುದಿಲ್ಲ. ಹಾಗಾಗಿ ದೋಸೆಗೆ ಪಳಗಿದ ತವೆಯನ್ನೋ ನಾನ್‌ಸ್ಟಿಕ್ ಪ್ಯಾನನ್ನೋ ಬಳಸಿರಿ. ಮೊದಲು ತವೆ ಚೆನ್ನಾಗಿ ಕಾಯಲಿ, ಆಮೇಲೆ ಶೇಂಗಾ ಎಣ್ಣೆ ಹಾಕಿ, ಎಣ್ಣೆ ಕಾದ ನಂತರವೇ ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಇಡಿ. ಇಟ್ಟ ಮೇಲೆ ಆರೇಳು ನಿಮಿಷ ಅವುಗಳನ್ನು ಮುಟ್ಟಲೇ ಬಾರದು. ಬಹಳ ಮಂದಿ ಕೆಡಿಸುವುದು ಇಲ್ಲಿಯೇ. ಅಡಿ ಕೆಂಪಗಾಗಿ ಪದರ ಕಟ್ಟಿದಾಗ ಬಿಲ್ಲೆ ತಾನಾಗಿಯೇ ತವೆಯನ್ನು ಬಿಡುತ್ತದೆ. ಸೌಟಿಗೆ ಅದು ಬಿಡುತ್ತಿಲ್ಲವೆಂದರೆ ಇನ್ನೂ ಹೊತ್ತಾಗಬೇಕೆಂದೇ ಅರ್ಥ. ನಮ್ಮ ಭಾಗದ ಗಾಣದ ಕುಸುಬಿ ಎಣ್ಣೆಯನ್ನು ಮಾತ್ರ ಇದಕ್ಕೆ ಬಳಸಬೇಡಿ, ಅದು ಬೇಗ ಹೊಗೆಯಾಡುತ್ತದೆ.

ಉತ್ತರ (ಯಾದಗಿರಿ)

ಬೀದರಿನ ಅಣ್ಣನವರ ಮಾತು ಒಪ್ಪತಕ್ಕದ್ದೇ. ಆದರೆ ಮನೆಯಲ್ಲಿ ಏಳೆಂಟು ಜನ ಊಟಕ್ಕೆ ಕುಳಿತಿರುವಾಗ ತವೆಯ ಮುಂದೆ ನಿಂತು ನಾಲ್ಕು ನಾಲ್ಕು ಬಿಲ್ಲೆ ತಿರುವಿಹಾಕುವುದು ಆಗದ ಕೆಲಸ. ಸಣ್ಣ ಓವನ್ ಇದ್ದರೆ 220 ಡಿಗ್ರಿಗೆ ಮೊದಲೇ ಕಾಯಿಸಿ, ಬಿಲ್ಲೆಗಳ ಎರಡೂ ಬದಿಗೆ ಎಣ್ಣೆ ಸವರಿ, ಅರ್ಧ ಗಂಟೆಯವರೆಗೆ ಇಟ್ಟು, ನಡುವೆ ಒಮ್ಮೆ ಮಗುಚಿದರೆ ಅಂಚುಗಳು ಕೆಂಪಾಗಿ ಬರುತ್ತವೆ. ಬೆರಳಿನಂತೆ ಉದ್ದಕ್ಕೆ ಕೊಯ್ದರೆ ಮಕ್ಕಳಿಗೆ ಇನ್ನೂ ಇಷ್ಟವಾಗುತ್ತದೆ.

ಕರಿಯುವುದರ ಬಗ್ಗೆ ಹೇಳುವುದಾದರೆ, ಒಳಗಿನ ನೀರು ಒಮ್ಮೆಲೇ ಆವಿಯಾಗಿ ಹೊರಬರಲು ದಾರಿ ಹುಡುಕುವುದರಿಂದ ತುಂಡು ಸಿಡಿಯುತ್ತದೆ. ದಪ್ಪ ತುಂಡು ಹಾಕಿದಷ್ಟೂ, ಹಸಿ ಮೈ ಉಳಿದಷ್ಟೂ ಅಪಾಯ ಹೆಚ್ಚು. ಕರಿಯಲೇಬೇಕೆಂದಿದ್ದರೆ ಸಣ್ಣ ತುಂಡುಗಳನ್ನು ಒಣಗಿಸಿ, ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿ, ಹೆಚ್ಚಿನ ಹಿಟ್ಟನ್ನು ಕೊಡವಿ, ಬಾಣಲೆಗೆ ಸ್ವಲ್ಪಸ್ವಲ್ಪವೇ ಬಿಡಿ. ನನ್ನ ಅಭಿಪ್ರಾಯ ಕೇಳಿದರೆ ಕರಿಯುವುದೇ ಬೇಡ. ಎಣ್ಣೆ ಖರ್ಚಾಗುತ್ತದೆಯೇ ಹೊರತು ತವೆಯ ರುಚಿ ಅದಕ್ಕೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು (ಕಲಬುರಗಿ)

ಇಬ್ಬರಿಗೂ ಧನ್ಯವಾದಗಳು. ಬಟ್ಟೆಯ ಮೇಲೆ ಒಣಗಿಸಿ ದೋಸೆಯ ತವೆಯಲ್ಲಿ ಹುರಿದಾಗ ಬಿಲ್ಲೆಗಳು ಇಡಿಯಾಗಿಯೇ ಎದ್ದುಬಂದವು, ಹೊರಗೆ ಗರಿಗರಿಯಾಗಿ ಒಳಗೆ ಮೆತ್ತಗಿದ್ದವು. ಈಗ ಉಳಿದಿರುವುದು ಇನ್ನೆರಡು ಸಂಗತಿ. ಅತ್ತೆಯವರಿಗೆ ಹಲ್ಲಿನ ತೊಂದರೆಯಿರುವುದರಿಂದ ಉರುಳೆಯ ಒಂದು ಭಾಗವನ್ನು ನೀರಿನಲ್ಲಿ ಹಾಕಿ ನುಚ್ಚಿನಂತೆ ಮೃದುವಾಗಿ ಮಾಡಲು ಹೊರಟರೆ, ಎಷ್ಟು ಕುದಿಸಿದರೂ ಗಂಟುಗಳು ಕರಗಲಿಲ್ಲ. ಎರಡನೆಯದಾಗಿ, ತಿಂದವರೆಲ್ಲ ಇದು ಸಪ್ಪೆಯೆಂದೇ ಹೇಳಿದರು.

ಉತ್ತರ (ಬೀದರ)

ಗಂಟು ಕುದಿಸುವುದರಿಂದ ಕರಗುವಂಥದ್ದಲ್ಲ. ಬೆಂದ ಪಿಷ್ಟ ತಣ್ಣಗಾಗುವಾಗ ಅದರ ಎಳೆಗಳು ಮತ್ತೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ, ರಾತ್ರಿ ಉಳಿದ ಅನ್ನ ಬೆಳಿಗ್ಗೆಗೆ ಬಿರುಸಾಗುವುದೂ ಇದೇ ಕಾರಣಕ್ಕೆ. ಆ ಹೆಣಿಗೆಯ ಒಂದು ಪಾಲು ಬಿಸಿ ತಾಗಿದರೆ ಸಡಿಲವಾಗುತ್ತದೆ, ಇನ್ನೊಂದು ಪಾಲು ಕುದಿಯುವ ನೀರಿನ ಬಿಸಿಗೂ ಬಿಡುವುದಿಲ್ಲ. ಆದ್ದರಿಂದ ಅದನ್ನು ಕೈಯಿಂದಲೇ ಒಡೆಯಬೇಕು. ಉರುಳೆಯನ್ನು ಮೊದಲು ಗಜ್ಜರಿ ತುರಿಯುವ ಮಣೆಯಲ್ಲಿ ತುರಿದು, ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪ ಹಾಲನ್ನೋ ತರಕಾರಿ ಬೇಯಿಸಿದ ನೀರನ್ನೋ ಬಿಸಿ ಮಾಡಿ, ತುರಿಯನ್ನು ಸಣ್ಣ ಉರಿಯಲ್ಲಿ ಬೆರೆಸುತ್ತಾ ಕಡಗೋಲಿನಿಂದ ಕಡೆಯಿರಿ. ದ್ರವವನ್ನು ಒಮ್ಮೆಲೇ ಸುರಿದರೆ ತುರಿ ನೀರಿನಲ್ಲಿ ತೇಲುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಸೇರಿದ್ದು ಹೀರಿಕೊಂಡ ಮೇಲೆಯೇ ಮತ್ತಷ್ಟು ಹಾಕಿ. ಕೊನೆಯಲ್ಲಿ ಬೆಣ್ಣೆ. ಹೊಸದಾಗಿ ಬೇಯಿಸಿದ್ದರಷ್ಟು ನುಣುಪು ಬರಲಿಕ್ಕಿಲ್ಲ, ಆದರೆ ಅತ್ತೆಯವರು ಸಲೀಸಾಗಿ ಉಣ್ಣಬಹುದು.

ಉತ್ತರ (ಕಲಬುರಗಿ, ಮದುವೆ ಅಡುಗೆಯ ವೃತ್ತಿ)

ಸಪ್ಪೆಯಾಗಿರುವುದು ಪೊಲೆಂಟಾದ ದೋಷವಲ್ಲ, ಜೋಳದ ರೊಟ್ಟಿಯನ್ನು ಬರಿದೇ ತಿಂದರೆ ಅದೂ ಸಪ್ಪೆಯೇ. ಮೆಕ್ಕೆಜೋಳ ಅಮೆರಿಕ ಖಂಡದಿಂದ ಬರುವ ಮೊದಲೂ ಇಟಲಿಯವರು ಬೇರೆ ಧಾನ್ಯಗಳಿಂದ ಇಂಥ ಅಂಬಲಿಯನ್ನು ಕಾಸುತ್ತಿದ್ದರು. ಆಗಲೂ ಈಗಲೂ ಅದು ಜೊತೆಗೆ ಬಡಿಸುವುದರ ರುಚಿಯಿಂದಲೇ ಊಟವಾಗುವ ಪದಾರ್ಥ. ಅಲ್ಲಿ ಅಣಬೆಯ ಗೊಜ್ಜು, ಮಾಂಸದ ಸಾರು, ಖಾರವಿಲ್ಲದ ಚೀಸ್ ಹಾಕುತ್ತಾರೆ. ನಮ್ಮಲ್ಲಿ ಇದಕ್ಕೆ ಹೇಳಿಮಾಡಿಸಿದಂತಿರುವುದು ಪುಂಡಿ ಪಲ್ಯ. ಮೆಕ್ಕೆಜೋಳಕ್ಕೆ ಒಂದಿಷ್ಟು ಸಿಹಿ ಇರುವುದರಿಂದ ಪುಂಡಿಯ ಹುಳಿ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ, ಮೇಲೆ ಹುರಿದ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದರಂತೂ ಬೇರೇನೂ ಬೇಡ. ಎಣ್ಣೆಗಾಯಿಯ ಗೊಜ್ಜನ್ನು ಬಿಲ್ಲೆಯ ಮೇಲೆ ಹಾಕುವುದಾದರೆ ತಟ್ಟೆ ಮುಂದಿಟ್ಟುಕೊಂಡ ಮೇಲೆಯೇ ಹಾಕಬೇಕು, ಮೊದಲೇ ಸುರಿದಿಟ್ಟರೆ ಗರಿ ಹೋಗಿ ಮುದ್ದೆಯಾಗುತ್ತದೆ. ಮಾಂಸಾಹಾರಿಗಳು ಗಟ್ಟಿಯಾದ ಖೀಮಾ ಬಡಿಸಬಹುದು.

ಬೀದರಿನವರು ತವೆಗೆ ಬೇಡವೆಂದ ಕುಸುಬಿ ಎಣ್ಣೆಗೆ ಇಲ್ಲಿ ಸ್ಥಾನವಿದೆ: ಶೇಂಗಾ ಹಿಂಡಿಯನ್ನೋ ಅಗಸಿ ಹಿಂಡಿಯನ್ನೋ (ಅಂದರೆ ಚಟ್ನಿಪುಡಿಯನ್ನು) ಹಸಿ ಕುಸುಬಿ ಎಣ್ಣೆಯಲ್ಲಿ ಕಲಸಿ, ಬಿಸಿ ಬಿಲ್ಲೆಯ ಪಕ್ಕದಲ್ಲಿಟ್ಟು ಮೊಸರು ಕೊಡಿ. ಗರಂ ಮಸಾಲೆಯನ್ನು ಮಾತ್ರ ಬಿಲ್ಲೆಯ ಮೇಲೆ ಉದುರಿಸಬೇಡಿ, ಮೆಕ್ಕೆಜೋಳದ ಮೆಲುವಾದ ಪರಿಮಳ ಅದರಡಿ ಪೂರ್ತಿ ಅಡಗಿಹೋಗುತ್ತದೆ.

ಪ್ರಶ್ನೆ ಕೇಳಿದವರು (ಕಲಬುರಗಿ)

ಪುಂಡಿ ಪಲ್ಯದೊಂದಿಗೆ ಎಲ್ಲರೂ ಮತ್ತೆ ಕೇಳಿ ಹಾಕಿಸಿಕೊಂಡರು. ಕೊನೆಯದಾಗಿ, ಪೊಟ್ಟಣ ಒಡೆದ ಮೇಲೆ ಉಳಿದದ್ದನ್ನು ಹೇಗಿಡಬೇಕು? ಖಾಲಿಯಾದ ಮೇಲೆ ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ (ಯಾದಗಿರಿ)

ಒಡೆಯದ ಪೊಟ್ಟಣವನ್ನು ಹೊರಗಿಡಬಹುದೇ ಎಂಬುದನ್ನು ಅದರ ಮೇಲಿನ ಬರಹ ಓದಿ ನಿರ್ಧರಿಸಿ. ಒಡೆದ ಮೇಲಂತೂ ನಮ್ಮ ಬೇಸಿಗೆಯ ಬಿಸಿಲಿಗೆ ಒಂದು ಮಧ್ಯಾಹ್ನವೂ ಹೊರಗೆ ಉಳಿಯಬಾರದು. ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನಗಳೊಳಗೆ ಮುಗಿಸಿ. ಮೈಮೇಲೆ ಲೋಳೆ ಅಥವಾ ಹುಳಿ ವಾಸನೆ ಕಂಡರೆ ಎಸೆದುಬಿಡಿ. ಫ್ರೀಜರಿನಲ್ಲಿಟ್ಟದ್ದು ಕರಗುವಾಗ ನೀರು ಬಿಡುತ್ತದೆ, ಆದ್ದರಿಂದ ಅದನ್ನು ತವೆಗೆ ಹಾಕದೆ ನೇರವಾಗಿ ಓವನ್ನಿಗೆ ಇಡಿ.

ಮನೆಯಲ್ಲಿ ಮಾಡುವುದು ಸುಲಭ. ಒಂದು ಬಟ್ಟಲು ಮೆಕ್ಕೆಜೋಳದ ರವೆಗೆ ನಾಲ್ಕು ಬಟ್ಟಲು ನೀರು, ಉಪ್ಪು. ಕುದಿಯುವ ನೀರಿಗೆ ರವೆಯನ್ನು ಎಳೆಯಾಗಿ ಬಿಡುತ್ತಾ ತಿರುವಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಪಾತ್ರೆಯ ಬದಿ ಬಿಡತೊಡಗಿದಾಗ ಎಣ್ಣೆ ಸವರಿದ ತಟ್ಟೆಗೆ ಸುರಿದು, ಜುಣಕದ ವಡಿಗೆ ಮಾಡುವಂತೆ ಸಮನಾಗಿ ತಟ್ಟಿ, ಪೂರ್ತಿ ಆರಿದ ಮೇಲೆ ಕೊಯ್ಯಿರಿ. ಅಂಗಡಿಯಲ್ಲಿ ಮೆಕ್ಕೆಜೋಳದ ಹಿಟ್ಟನ್ನೋ ಕಸ್ಟರ್ಡಿಗೆ ಹಾಕುವ ಬಿಳಿ ಕಾರ್ನ್‌ಫ್ಲೋರನ್ನೋ ಕೊಟ್ಟರೆ ತೆಗೆದುಕೊಳ್ಳಬೇಡಿ, ಹಳದಿ ರವೆಯನ್ನೇ ಕೇಳಿ ಪಡೆಯಿರಿ.