ಹಳೇ ರೆಕಾರ್ಡ್ ಚೇಂಜರ್ ಜಾಮ್ ಆಗಿದೆ, ಎಣ್ಣೆ ಬಿಟ್ರೆ ಸಾಕಾ?

ತುಮಕೂರು_ಪ್ಲೇಟು:
ಸೋದರಮಾವನ ಮನೆ ಅಟ್ಟದಲ್ಲಿದ್ದ ಬಿಎಸ್ಆರ್ ಕಂಪನಿ ಆಟೋ ಚೇಂಜರ್ ತಂದಿದೀನಿ, ಒಂದಾದ್ಮೇಲೊಂದು ಪ್ಲೇಟ್ (ರೆಕಾರ್ಡ್) ತಾನೇ ಹಾಕ್ಕೊಳ್ಳೋ ಪ್ಲೇಯರು. ಮೋಟ್ರು ತಿರುಗತ್ತೆ, ಪ್ಲೇಟ್ ಕೂರೋ ತಟ್ಟೇನೂ ತಿರುಗತ್ತೆ ಆದ್ರೆ ನಿಧಾನ, ಹೆಣ್ ದನಿ ಎಲ್ಲ ಗಂಡ್ ದನಿ ಆಗೋಗಿದೆ. ಸ್ಪೀಡ್ ನಾಬ್ 33ರಲ್ಲೇ ಕಚ್ಕೊಂಡಿದೆ. ಸ್ಟಾರ್ಟ್ ಕೊಟ್ರೆ ಮುಳ್ಳಿರೋ ಆರ್ಮ್ ಅರ್ಧ ಎದ್ದು ನಿಂತ್ಬಿಡತ್ತೆ. ಬಿ.ಎಚ್. ರೋಡಲ್ಲಿ ಯಾರೋ ಡಬ್ಲ್ಯೂಡಿ-40 ಸ್ಪ್ರೇ ಹೊಡೀರಿ ಅಂದ್ರು, ಹೊಡೀಲಾ?

ಕೋಲಾರದ_ರೇಡಿಯೋ:
ಹೊಡೀಬೇಡಿ ಸಾರ್. ಅದ್ರಲ್ಲಿರೋದು ಬಹುಪಾಲು ಸಾಲ್ವೆಂಟು, ಹಳೇ ಗ್ರೀಸ್ನ ಕರಗಿಸಿ ಎಲ್ಲೆಲ್ಲಿಗೋ ಹರಿಸತ್ತೆ, ರಬ್ಬರ್ ಐಡ್ಲರ್ (ಮೋಟ್ರಿಂದ ತಟ್ಟೆನ ತಿರುಗ್ಸೋ ಚಕ್ರ) ಮೇಲೆ ಬಿತ್ತು ಅಂದ್ರೆ ಅದು ಜಾರಕ್ಕೆ ಶುರು, ಇರೋ ಸ್ಪೀಡೂ ಹೋಯ್ತು. ನಿಮ್ ಚೇಂಜರ್ಗೆ ಎಣ್ಣೆ ಕಮ್ಮಿ ಆಗಿರೋದಲ್ಲ, ಹಾಕಿದ್ ಗ್ರೀಸೇ ಒಣಗಿ ಹಲಸಿನ ಮೇಣದ ಥರ ಆಗಿರತ್ತೆ, ಚೇಳೂರ್ ಕಡೆ ಹಣ್ ತಿಂದವ್ರಿಗೆ ಹೇಳ್ಬೇಕಾ. ತೆಗೀಬೇಕು ಅಷ್ಟೇ.

ಪ್ಲಗ್ ಕಿತ್ತು, ಆರ್ಮ್ ಕಟ್ಟಿ, ನಡುವಿನ ಸಿ-ಕ್ಲಿಪ್ ಮೇಲೆ ಬಟ್ಟೆ ಮುಚ್ಕೊಂಡು ತೆಗೀರಿ, ಇಲ್ದಿದ್ರೆ ಹಾರಿ ಹೋಗತ್ತೆ, ಆಮೇಲೆ ಮಂಚದ ಕೆಳಗೆ ಹುಡುಕ್ತಾ ಕೂರ್ಬೇಕು. ತಟ್ಟೆ ಎತ್ತಿದ್ರೆ ದೊಡ್ ಗೇರು, ಅದ್ರ ತಳದ ಜಾಡಲ್ಲಿ ಕಂದು ಬಣ್ಣದ ಗಟ್ಟಿ ಗ್ರೀಸು ಕಾಣತ್ತೆ. ನಾಬ್ನ ಬಲವಂತ ಮಾಡ್ಬೇಡಿ, ಲಿವರ್ ಮುರಿಯತ್ತೆ. ಹೇರ್ ಡ್ರೈಯರ್ ಬಿಸಿಗಾಳಿ ಸ್ವಲ್ಪ ಹೊತ್ತು ಬಿಟ್ಟು, ಮೆತ್ತಗಾದ್ಮೇಲೆ ಆಚೆ ಈಚೆ ಅಲ್ಲಾಡ್ಸಿ. ಆಮೇಲೆ ಹತ್ತಿ ಕಡ್ಡೀಲಿ ಐಸೋಪ್ರೊಪೈಲ್ ಆಲ್ಕೊಹಾಲ್ (ಐಪಿಎ) ಹಚ್ಚಿ, ಹತ್ತಿ ಬೆಳ್ಳಗೇ ಬರೋವರ್ಗೂ ಒರೆಸಿ.

ತುಮಕೂರು_ಪ್ಲೇಟು:
ಥಿನ್ನರ್ ಆಗಲ್ವಾ ಸಾರ್, ಮನೇಲೇ ಇದೆ. ಆಮೇಲೆ ಏನ್ ಹಚ್ಲಿ?

ಕೋಲಾರದ_ರೇಡಿಯೋ:
ಥಿನ್ನರ್ ಪ್ಲಾಸ್ಟಿಕ್ನೇ ಕರಗಿಸ್ಬಿಡತ್ತೆ. ಮೊಬೈಲ್ ರಿಪೇರಿ ಅಂಗಡೀಲಿ ಐಪಿಎ ಅಂತ ಕೇಳಿ, ಸಿಗತ್ತೆ. ಮೋಟ್ರು ಬುಷ್ಗೆ (ಅದ್ರ ಕಡ್ಡಿ ತಿರುಗೋ ತೂತಿಗೆ) ಹೊಲಿಗೆ ಮಷಿನ್ ಎಣ್ಣೆ ಒಂದೆರಡು ತೊಟ್ಟು, ಗೇರ್ ಜಾಡಿಗೆ ಬಿಳೀ ಲಿಥಿಯಂ ಗ್ರೀಸ್ ತೆಳ್ಳಗೆ. ಐಡ್ಲರ್ ಅಂಚು, ಮೋಟ್ರು ಪುಲ್ಲಿ, ತಟ್ಟೆಯ ಒಳ ಅಂಚು, ಈ ಮೂರಕ್ಕೆ ಎಣ್ಣೆ ಸೋಕಬಾರದು.

ಚಿಕ್ಕಬಳ್ಳಾಪುರದವ್ನು:
ಒಂದ್ ಮಾತು ಸೇರಿಸ್ತೀನಿ. ಗೇರ್ ಮೇಲೆ ಉಗುರಿನಷ್ಟು ಒಂದ್ ಲಿವರ್ ಕೂತಿರತ್ತೆ, ಟ್ರಿಪ್ ಅಂತೀವಿ. ಅದಕ್ಕೆ ಎಣ್ಣೇನೂ ಬೇಡ ಗ್ರೀಸೂ ಬೇಡ, ಒಣಗೇ ಇರ್ಲಿ, ಉಫ್ ಅಂದ್ರೆ ಅಲ್ಲಾಡ್ಬೇಕು. ಹಾಡ್ ನಡೀವಾಗ ಆರ್ಮ್ ನಿಧಾನವಾಗಿ ಒಳಗೆ ಬರೋದ್ರಿಂದ ತಟ್ಟೆ ಪ್ರತಿ ಸುತ್ತಿಗೂ ಈ ಲಿವರ್ನ ಹಿಂದಕ್ಕೆ ತಳ್ಳತ್ತೆ, ಕೊನೇ ಗೀರಲ್ಲಿ ಆರ್ಮ್ ಸರಕ್ಕನೆ ಒಳಗೆ ಹೋದಾಗ ಮಾತ್ರ ಅದು ಸಿಕ್ಕಿ ಗೇರ್ ತಿರುಗತ್ತೆ. ಇಲ್ಲಿ ಜಿಡ್ಡಿದ್ರೆ ಪ್ಲೇಟ್ ಮುಗಿದ್ರೂ ಆರ್ಮ್ ಏಳಲ್ಲ, ಇಲ್ಲಾಂದ್ರೆ ಹಾಡ್ ನಡುವೇನೇ ಎದ್ದೋಗತ್ತೆ.

ಕೂಡಿಸಿದ್ಮೇಲೆ ಮೊದ್ಲು ತಟ್ಟೆನ ಕೈಯಲ್ಲಿ ಪ್ರದಕ್ಷಿಣೆ ದಿಕ್ಕಿಗೆ ತಿರುಗ್ಸಿ ಆರ್ಮ್ ಎದ್ದು ಇಳಿಯೋ ಒಂದ್ ಸೈಕಲ್ ಪೂರ್ತಿ ಮಾಡ್ಸಿ, ಎಲ್ಲಿ ಬಿಗಿ ಅಂತ ಕೈಗೇ ಗೊತ್ತಾಗತ್ತೆ. ಸ್ಪೀಡ್ ನೋಡಕ್ಕೆ ತಟ್ಟೆ ಅಂಚಿಗೆ ಕಾಗದದ ಚೂರು ಅಂಟ್ಸಿ, ಪ್ಲೇಟ್ ಮೇಲೆ ಮುಳ್ಳು ಇಟ್ಟು ಎಣಿಸಿ, 33⅓ ಅಂದ್ರೆ 3 ನಿಮಿಷಕ್ಕೆ 100 ಸುತ್ತು. ಕಮ್ಮಿ ಬಂದ್ರೆ ಐಡ್ಲರ್ ರಬ್ಬರ್ ಗಟ್ಟಿಯಾಗಿದ್ಯಾ ನೋಡಿ, ಉಗುರು ಒತ್ತಿದ್ರೆ ಒಳಗೆ ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ಬೆಂಗಳೂರು ಎಸ್.ಪಿ. ರೋಡಲ್ಲಿ ಬೇರೆ ಹುಡುಕ್ಬೇಕಾಗತ್ತೆ.