ಪೋಸ್ಟ್‌ಗ್ರೆಸ್ ನಿಲ್ಲುವುದೇ ಇಲ್ಲ, ಏನು ಮಾಡಲಿ?

ಬದಿಯಡ್ಕದವ: ಅಡಿಕೆ ಅಂಗಡಿಯ ಲೆಕ್ಕವೆಲ್ಲ ಉಬುಂಟು ಕಂಪ್ಯೂಟರಿನಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಕಿರುಚುತ್ತಿತ್ತು, ಸ್ಮಾರ್ಟ್ ಮೋಡ್‌ನಲ್ಲಿ ಸ್ಟಾಪ್ ಕೊಟ್ಟರೆ ನಿಲ್ಲಲೇ ಇಲ್ಲ, ಕೊನೆಗೆ ಕಿಲ್ -9 (ಪ್ರೋಗ್ರಾಮನ್ನು ಬಲವಂತವಾಗಿ ಕೊಲ್ಲುವ ಕಮಾಂಡ್) ಹೊಡೆದೆ. ತಪ್ಪಾಯ್ತಾ?

ಕುಂಬಳೆ ಅಣ್ಣ: ತಪ್ಪೇ ಮಾರಾಯ! ಸ್ಮಾರ್ಟ್ ಅಂದರೆ ಎಲ್ಲರೂ ಕನೆಕ್ಷನ್ ಬಿಡುವ ತನಕ ಕಾಯುತ್ತದೆ, ನಿನ್ನ ಬಿಲ್ಲಿಂಗ್ ತೆರೆದೇ ಇದ್ದರೆ ಬೆಳಗಾದರೂ ನಿಲ್ಲದು. ಫಾಸ್ಟ್ ಕೊಡು. ಅರ್ಧದಲ್ಲಿರುವ ಟ್ರಾನ್ಸಾಕ್ಷನ್ ರದ್ದು ಮಾಡಿ, ಚೆಕ್‌ಪಾಯಿಂಟ್ ಬರೆದು, ಅಂದರೆ ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕಿಗೆ ಇಳಿಸಿ, ನಿಲ್ಲುತ್ತದೆ. ಪೋಸ್ಟ್‌ಗ್ರೆಸ್ 9.5 ಆವೃತ್ತಿಯಿಂದ ಅದೇ ಡಿಫಾಲ್ಟ್ ಅಲ್ವಾ.

ಮಂಜೇಶ್ವರದವಳು: ಸ್ಟಾಪ್‌ಗೆ ಮುಂಚೆ ಚೆಕ್‌ಪಾಯಿಂಟ್ ಕಮಾಂಡ್ ಓಡಿಸಿದರೆ ಬೇಗ ನಿಲ್ಲುತ್ತದೆ. ಸ್ಟಾರ್ಟ್ ಆದ ಮೇಲೆ ಲಾಗ್ ನೋಡಿ, ರಿಕವರಿ (ಡೇಟಾಬೇಸ್ ತನ್ನನ್ನು ತಾನೇ ಸರಿಪಡಿಸಿಕೊಳ್ಳುವುದು) ನಡೆಯುತ್ತಿದ್ದರೆ ಸುಮ್ನೆ ಕಾಯಿರಿ. ಆ ರಿಕವರಿಗೆ ಬೇಕಾದ, ಬದಲಾವಣೆಗಳ ದಾಖಲೆಯಿರುವ ವಾಲ್ (WAL) ಫೈಲುಗಳನ್ನು ಮಾತ್ರ ಮುಟ್ಟಬೇಡಿ!

ಬದಿಯಡ್ಕದವ: ರಿಕವರಿ ಮುಗಿಯಿತು, ಲೆಕ್ಕ ಸರಿ ಇದೆ. ಬದುಕಿದೆ ಅಕ್ಕಾ.