ಕೊನೆಯ ಭಾಗ ಮುಚ್ಚಿಡಬೇಡ ಯವ್ವಾ

ಯವ್ವಾ, ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜು ಈಗ ನೋಡಿದೆ. ಒಂದೊಂದೇ ಅಕ್ಷರ ಒತ್ತುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳಿಬಿಡುತ್ತೇನೆ. ನಡುವೆ ಕುಕ್ಕರ್ ಸೀಟಿ ಹೊಡೆದರೆ ಗಾಬರಿಯಾಗಬೇಡಿ, ಬೇಳೆ ಇಟ್ಟಿದ್ದೇನೆ.

ಉಳಿದವರು ಮೇಲೆ ಹೋಗಿ ಓದುವುದಿಲ್ಲ, ಗೊತ್ತು. ವಿಜಯನಗರದ ಮೇಲೆ ಬಂದ ಆ ಆರು ಭಾಗದ ಕಾದಂಬರಿ ಇದೆಯಲ್ಲ, ನಾವೆಲ್ಲ ಕೈಯಿಂದ ಕೈಗೆ ದಾಟಿಸಿ ಓದಿದ್ದು, ಅದರ ಕೊನೆಯ ಭಾಗ ಇವಳು ಓದಿದ್ದಾಳೆ. ಸಪ್ಪೆ ಅನ್ನಿಸಿದೆ. ಇವಳ ಮಗ ಐದು ಭಾಗ ಮುಗಿಸಿ, ಪರೀಕ್ಷೆ ಆಗಲಿ ಅಂತ ಆರನೆಯದಕ್ಕೆ ಕಾಯುತ್ತಿದ್ದಾನೆ. ಕೊಡಲಾ, ಇಲ್ಲ ಸಿಗಲಿಲ್ಲ ಅಂತ ಹೇಳಿ ಅಂಗಡಿಗೆ ವಾಪಸ್ ಹಾಕಲಾ, ಮಿಕ್ಕ ಕಥೆ ನಾನೇ ಚೆಂದ ಮಾಡಿ ಹೇಳಲಾ ಅಂತ ಕೇಳಿದ್ದಾಳೆ.

ಮುಚ್ಚಿಡಬೇಡ. ಕಥೆ ಕಟ್ಟಿ ಹೇಳಲಂತೂ ಹೋಗಬೇಡ.

ನಿನ್ನ ಬೇಜಾರು ಸುಳ್ಳಲ್ಲ, ನಾನೂ ಓದಿದ್ದೇನೆ. ಎರಡನೇ ಭಾಗದಲ್ಲಿ ಕೃಷ್ಣದೇವರಾಯನ 1520ರ ರಾಯಚೂರು ಮುತ್ತಿಗೆ ಹೇಗೆ ಬರೆದಿದ್ದರು! ಕೋಟೆ ಗೋಡೆಯ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ಹಣ. ಅದು ಕಟ್ಟುಕಥೆ ಅಲ್ಲ, ನೂನಿಜ್ ಅನ್ನುವ ಪೋರ್ಚುಗೀಸನೇ ಬರೆದಿಟ್ಟಿದ್ದಾನೆ. ಗೋಡೆ ಮೇಲಿಂದ ಬಗ್ಗಿ ನೋಡಿದ ಕಿಲ್ಲೇದಾರನ ಹಣೆಗೆ ಗುಂಡು ಬೀಳುವ ಪುಟ ಓದುವಾಗ ನನ್ನ ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು. ಅದೇ ಕೈ ವಿಜಯನಗರ ಸೋತ 1565ರ ತಾಳಿಕೋಟೆ ಯುದ್ಧವನ್ನು 11 ಪುಟದಲ್ಲಿ ಮುಗಿಸಿದೆ. ಅದೂ ಪೆನುಗೊಂಡೆಗೆ ಬಂದ ಒಂದು ಕಾಗದದಲ್ಲಿ! ರಾಜ್ಯ ನಡೆಸುತ್ತಿದ್ದ ಮುದಿ ರಾಮರಾಯ ಸೆರೆ ಸಿಕ್ಕಿದ್ದು, ತಲೆ ಹೋದದ್ದು, ಅವನ ತಮ್ಮ ತಿರುಮಲರಾಯ ಆನೆಗಳ ಮೇಲೆ ಬೊಕ್ಕಸ ಹೇರಿಕೊಂಡು ಹೋದದ್ದು, ಎಲ್ಲಾ ಬರೀ ಸುದ್ದಿ. ಕಣ್ಣಿಗೆ ಒಂದೂ ಕಾಣುವುದಿಲ್ಲ. ಹುಡುಗನಾಗಿದ್ದಾಗಿನಿಂದ ನಮ್ಮ ಜೊತೆ ನಡೆದ ಆ ಆನೆಗೊಂದಿ ಕಲ್ಲುಕುಟಿಗ ಏನಾದ? ಕಾಗದ ಓದಿ ಕಣ್ಣೊರೆಸಿಕೊಂಡನಂತೆ. ಮುಗೀತು.

ಈಗ ನನ್ನ ಮಾತು ಕೇಳು. ನಮ್ಮ ಮಾವನವರು ಎಂಥವರು ಅಂತ ನಿಮಗೆಲ್ಲ ಗೊತ್ತೇ ಇದೆ, ಆದರೆ ಇದು ಗೊತ್ತಿಲ್ಲ. 1984. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಅಂದರೆ ಹೆದರಿಕೆ. ರಾತ್ರಿ ಊಟವಾದ ಮೇಲೆ ನಾನು ಓದಬೇಕು, ಅವರು ಗೋಡೆಗೆ ಒರಗಿ ಅಡಕೆ ಕತ್ತರಿಸುತ್ತಾ ಕೇಳಬೇಕು. ಆಗ ನಡೆದಿದ್ದದ್ದು ಕುಮ್ಮಟದುರ್ಗದ ರಾಜಕುಮಾರ ಕುಮಾರರಾಮನ ಮೇಲಿನ ಮೂರು ಭಾಗದ ಕಾದಂಬರಿ. ಕುಮ್ಮಟದುರ್ಗ ನಮ್ಮ ಗಂಗಾವತಿ ಸೀಮೆಯದೇ ಅಲ್ವಾ, ರಾಮ ಅಂದರೆ ಅವರಿಗೆ ಮನೆ ಮಗ ಇದ್ದಂತೆ.

ಮೂರನೇ ಭಾಗದ ಕೊನೆಯನ್ನು ಮಧ್ಯಾಹ್ನವೇ ಓದಿ ನೋಡಿದೆ. ರಾಮನ ಸಾವು ಒಂದೇ ಸಾಲು. ಇದನ್ನು ಈ ಮುದುಕರಿಗೆ ಹೇಗೆ ಓದಲಿ ಅನ್ನಿಸಿತು. ರಾತ್ರಿ ನಾನೇ ಕಟ್ಟಿಬಿಟ್ಟೆ. ದುರ್ಗದ ಬಾಗಿಲಲ್ಲಿ ರಾಮ ಒಬ್ಬನೇ ನಿಂತ, ಕುದುರೆ ಬಿತ್ತು, ಅವನು ಬೀಳಲಿಲ್ಲ, ಹೀಗೆ ಅರ್ಧ ತಾಸು. ನಡುನಡುವೆ ಸುಮ್ನೆ ಪುಟ ತಿರುವುತ್ತಿದ್ದೆ. ಅಡಕತ್ತರಿ ಸದ್ದು ನಿಂತಿತ್ತು. ತಲೆ ಎತ್ತಿ ನೋಡಿದರೆ ಪಂಚೆ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಜಂಬ.

ಮರುದಿನ ಚಹಾದ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಅದನ್ನೇ ಹೇಳಿದ್ದಾರೆ. ಅಲ್ಲಿ ಒಬ್ಬರು ಅದೇ ಪುಸ್ತಕ ಓದಿದವರು. ಅಂಥದ್ದೇನೂ ಅದರಲ್ಲಿ ಇಲ್ಲವಲ್ಲ ಅಂದು, ಮನೆಯಿಂದ ಪುಸ್ತಕ ತರಿಸಿ ಆ ಒಂದು ಸಾಲು ಓದಿ ತೋರಿಸಿದರಂತೆ. ಎಲ್ಲರೂ ನಕ್ಕಿದ್ದಾರೆ.

ಮನೆಗೆ ಬಂದು ಊಟ ಮಾಡಿದರು. ಕೈ ತೊಳೆಯುವಾಗ ಇಷ್ಟೇ ಅಂದರು, "ಚೆನ್ನಾಗಿಲ್ಲ ಅಂತ ಹೇಳಿದ್ದರೆ ಇಬ್ಬರೂ ಕೂಡಿ ಬೈಯಬಹುದಿತ್ತಲ್ಲ ತಂಗಿ." ಆಮೇಲೆ ಕಾದಂಬರಿ ಓದು ಅಂತ ಒಮ್ಮೆಯೂ ಕೇಳಲಿಲ್ಲ. ಪೇಪರ್ ಮಾತ್ರ. ಅದರಲ್ಲೂ ಹತ್ತಿ ರೇಟು ಓದಿದರೂ ತಡೆದು ಕೇಳುತ್ತಿದ್ದರು, "ಹಾಗಂತ ಅಚ್ಚಾಗಿದೆಯಾ?"

ಅದಕ್ಕೇ ಹೇಳುವುದು, ಮುಚ್ಚಿಡಬೇಡ. ಪುಸ್ತಕ ಕೆಟ್ಟದ್ದಾದರೆ ಹುಡುಗ ನಾಲ್ಕು ದಿನ ಮುಖ ಊದಿಸಿಕೊಳ್ಳುತ್ತಾನೆ, ಅಷ್ಟೇ.

ಪುಸ್ತಕ ಅಂದಕೂಡಲೇ ಇನ್ನೊಂದು ನೆನಪಾಯಿತು. ಈ ವಿಜಯನಗರದ ಕಾದಂಬರಿಯ ನನ್ನ ಮೂರನೇ ಭಾಗ ಎರಡು ವರ್ಷದಿಂದ ಕಾರಟಗಿಯಲ್ಲಿದೆ. ಯಾರ ಮನೆಯಲ್ಲಿ ಅಂತ ಹೇಳುವುದಿಲ್ಲ, ಈ ಗ್ರೂಪಿನಲ್ಲೇ ಇದ್ದಾರೆ, ಇದನ್ನೂ ಕೇಳುತ್ತಿರುತ್ತಾರೆ. ಸೀಮಂತಕ್ಕೆ ಹೋದಾಗ ನೋಡಿದೆ. ಹೊಲಿಗೆ ಮಷಿನ್ನಿನ ಗಿಡ್ಡ ಕಾಲಿನ ಕೆಳಗೆ! ನಾನು ಹಾಕಿದ ಖಾಕಿ ರಟ್ಟು, ಅದರ ಮೇಲೆ ನನ್ನದೇ ಅಕ್ಷರ. ಮಡಿಲು ತುಂಬುವ ಹೊತ್ತು, ಕೇಳುವುದು ಹೇಗೆ? ಹೋಳಿಗೆ ಉಂಡು ಬಂದೆ. ನಮ್ಮವರಿಗೆ ಪಾತ್ರೆ ಕೊಟ್ಟರೆ ತಿರುಗಿ ಬರುತ್ತದೆ, ಪುಸ್ತಕ ಕೊಟ್ಟರೆ ಅದು ಸಂಬಂಧಿಕರ ಆಸ್ತಿ. ನಾಲ್ಕನೆಯದು ಬಂತು, ನಡುವಿನ 16 ಪುಟ ಇಲ್ಲ. ಕೇಳಿದರೆ ಮಗು ಹರಿಯಿತು ಅಂತಾರೆ. ಆ ಮಗು ಈಗ ಡಿಗ್ರಿ ಓದುತ್ತಿದೆ.

ಬೇಳೆ ಸೀದಿತು ಕಾಣುತ್ತೆ, ತಡಿ.

ಹಾಂ, ನೀನು ಕೇಳಿದ್ದು. ಅಂಗಡಿಗೆ ವಾಪಸ್ ಹಾಕಬೇಡ. ಪರೀಕ್ಷೆ ಮುಗಿದ ದಿನ ಕೈಗೆ ಕೊಡು. ಕೊಡುವಾಗ, ನನಗೆ ಹಿಡಿಸಲಿಲ್ಲ, ನೀನು ಓದಿ ಹೇಳು ಅನ್ನು. ಇನ್ನೊಂದು ತಪ್ಪದೆ ಹೇಳು. 1565ಕ್ಕೇ ಎಲ್ಲ ಮುಗಿಯಿತು ಅನ್ನುವ ಹಾಗೆ ಬರೆದಿದ್ದಾರೆ, ಹಾಗಲ್ಲ. ಹಂಪಿ ಹೋಯಿತು, ಆದರೆ ಪೆನುಗೊಂಡೆ, ಚಂದ್ರಗಿರಿ ಅಂತ ಇನ್ನೂ ಹತ್ತಿರ ಹತ್ತಿರ 80 ವರ್ಷ ಅರಸರಿದ್ದರು. ನಿಮ್ಮ ರಾಯಚೂರು ಕೋಟೆ ಗೋಡೆಯಲ್ಲಿ 1294ರ ಶಾಸನದ ಉದ್ದನೆ ಕಲ್ಲಿದೆಯಲ್ಲ, 40 ಅಡಿಗೂ ಜಾಸ್ತಿ, ಅದನ್ನು ಗಾಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಒಂದು ಸಂಜೆ ಕರೆದುಕೊಂಡು ಹೋಗಿ ತೋರಿಸು, ಎರಡನೇ ಭಾಗ ನೆನಪಾಗುತ್ತದೆ.

ಆಮೇಲೆ ಭಾನುವಾರ ಇಬ್ಬರೂ ಇಲ್ಲಿಗೆ ಬನ್ನಿ. ಆನೆಗೊಂದಿ ಹೊಳೆ ದಂಡೆಯಲ್ಲಿ ಕೂತು ಮೂವರೂ ಸೇರಿ ಆ ಪುಸ್ತಕವನ್ನು ಬೈಯೋಣ. ಸಿಂಧನೂರಿನಿಂದ ಬರುವ ಬಸ್ಸು ಕಾರಟಗಿಯಲ್ಲಿ ನಿಲ್ಲುತ್ತದೆ. ಇಳಿದು ನನ್ನ ಮೂರನೇ ಭಾಗ ತೆಗೆದುಕೊಂಡು ಬಾ. ಮಷಿನ್ ಕಾಲಿಗೆ ಇಡಲು ಹಲಗೆ ತುಂಡು ನಾನೇ ಕಳಿಸುತ್ತೇನೆ ಅಂತ ಹೇಳು.